ಬಿಲ್ಲೆ ಮಗುವಿನ ಕೈಗೆ

ನೀರಾಟದ ಪಾರ್ಕಿನ ನೀರಿಗೆ ಇನ್ನೂ ಎಚ್ಚರವಾಗಿಲ್ಲ. ಮಕ್ಕಳ ಕೊಳದ ನಡುವೆ ನಿಂತ ನೀಲಿ ಆನೆಯ ಸೊಂಡಿಲ ತುದಿಯಲ್ಲಿ ಒಂದು ಹನಿ, ಬೀಳಲೋ ಬೇಡವೋ ಎಂದು ತೂಗುತ್ತಿದೆ. ಹೆದ್ದಾರಿಯ ಆಚೆ ರಾಮನಗರದ ಬಂಡೆಗಳ ಬೆನ್ನ ಮೇಲಿಂದ ಬಿಸಿಲು ನಿಧಾನಕ್ಕೆ ಜಾರಿ ಇಳಿಯುತ್ತಿದೆ. ಕೊಳದ ದಡದ ಸಿಮೆಂಟ್ ಕಟ್ಟೆಯ ಬಳಿ, ಇಲ್ಲಿ ಚಪ್ಪಲಿ ಕಾಯುವ ಹಫೀಜಾ, ನೆನ್ನೆ ಯಾರುಯಾರೋ ಮರೆತುಹೋದ ಚಪ್ಪಲಿಗಳನ್ನು ತೊಳೆದು ಒಣಗಲು ಸಾಲಾಗಿ ಇಡುತ್ತಿದ್ದಾರೆ. ಒಂಟಿ ಗುಲಾಬಿ ಶೂ ಒಂದು. ನಡೆದರೆ ಪೀಪಿ ಊದುವ ಪುಟಾಣಿ ಜೋಡು ಒಂದು. ಇನ್ನೊಂದು ಜೊತೆಯಲ್ಲಿ ಎರಡೂ ಎಡಗಾಲಿನವೇ.

"ಯಾರ ಮನೇಲೋ ಎರಡು ಬಲಗಾಲು ಕುಂತವೆ," ಎಂದು ತಮ್ಮಷ್ಟಕ್ಕೆ ತಾವೇ ನಗುತ್ತಾರೆ. ಎಡಗೈ ಶೂವಿನೊಳಗಿದೆ, ಬಲಗೈಯಲ್ಲಿ ಬ್ರಶ್ಶು ಆಡುತ್ತಿದೆ. ಅಷ್ಟರಲ್ಲಿ ಗೇಟಿನ ಕಡೆಯಿಂದ ಒಂದು ಕೂಗು ಬರುತ್ತದೆ. ಬ್ರಶ್ಶು ಅಲ್ಲೇ ನಿಲ್ಲುತ್ತದೆ.

"ಚಪ್ಪಲಿ ಬಿಚ್ಚು! ಅಮ್ಮಾ, ನಿನ್ ಚಪ್ಪಲಿ ಬಿಚ್ಚೂ!"

ದಿನದ ಮೊದಲ ಅಳು. ಹಳದಿ ಫ್ರಾಕಿನ ನಾಲ್ಕರ ಹುಡುಗಿ ದಾರಿಯ ಮಧ್ಯೆ ಬೋರಲು ಬಿದ್ದು, ತಾಯಿಯ ಕಣಕಾಲಿಗೆ ಒಂದು ಕೈ ಸುತ್ತಿ, ಇನ್ನೊಂದು ಕೈಯಿಂದ ಅವಳ ಚಪ್ಪಲಿಯ ಪಟ್ಟಿ ಎಳೆಯುತ್ತಿದ್ದಾಳೆ. ಹೆಸರು ದೀಪು. ಒಂಟಿಗಾಲಲ್ಲಿ ತೂರಾಡುತ್ತಿರುವ ತಾಯಿ ಭಾನುಪ್ರಿಯ. ಹೆಗಲಿಗೆರಡು ಬ್ಯಾಗು ಹಾಕಿಕೊಂಡು ನಿಂತಿರುವ ತಂದೆ ಅನಂತರಾಜು. ಹಿಂದೆ, ಎಲೆಯಡಿಕೆ ಚೀಲ ಹಿಡಿದು ಬರುತ್ತಿರುವುದು ಅವನ ತಾಯಿ ಮುನಿಯಮ್ಮ.

"ಏಳ್ ಮೇಲೆ ದೀಪು, ಜನ ನೋಡ್ತಾವ್ರೆ."

"ಯಾವ ಜನ್ಲಾ? ಆನೆ ಒಂದೇ ನಿಂತಿರೋದು. ಅದೂ ಬಣ್ಣದ್ದು," ಎಂದು ಮುನಿಯಮ್ಮ ಮಗನ ಬಾಯಿ ಮುಚ್ಚಿಸುತ್ತಾರೆ.

"ನೀರಿಗೆ ಇಳಿಯೋಳು ನೀನು ಕಣೇ, ನಿಂದು ಬಿಚ್ಚು. ನಂದ್ಯಾಕೆ?" ಭಾನುಪ್ರಿಯಳ ದನಿ ಆಗಲೇ ಸೋತಿದೆ.

"ನಿಂದೂವೇ!"

ಹಫೀಜಾ ಎದ್ದು ಓಡಿ ಬರುವುದಿಲ್ಲ. ಚಾಕೊಲೇಟ್ ತೋರಿಸುವುದಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ತಮ್ಮ ಕೌಂಟರಿನ ಹಿಂದೆ ಹೋಗಿ, ಒಂದು ಡಬ್ಬಿಯನ್ನು ಹಲಗೆಯ ಮೇಲೆ ಬೋರಲು ಹಾಕುತ್ತಾರೆ. ಕಟಕಟ ಸದ್ದು ಮಾಡುತ್ತಾ ಮರದ ಬಿಲ್ಲೆಗಳು ಉರುಳುತ್ತವೆ. ಚನ್ನಪಟ್ಟಣದ ಅರಗಿನ ಬಣ್ಣ ಹಚ್ಚಿದ ಬಿಲ್ಲೆಗಳು. ಒಂದರ ಮೇಲೆ ಗಿಳಿ, ಒಂದರ ಮೇಲೆ ಕುದುರೆ, ಒಂದರ ಮೇಲೆ ಆಮೆ. ಅದೇ ಚಿತ್ರ ಚಪ್ಪಲಿ ಇಡುವ ಗೂಡಿನ ಮೇಲೂ ಇದೆ.

"ಆಮೆ ಬೇಕೋ, ಗಿಳಿ ಬೇಕೋ?" ಎಂದು ಯಾರನ್ನೂ ನೋಡದೆ, ಗಾಳಿಯನ್ನು ಕೇಳಿದಂತೆ ಕೇಳುತ್ತಾರೆ.

ಅಳು ಒಂದು ಕ್ಷಣ ಉಸಿರು ತೆಗೆದುಕೊಳ್ಳುತ್ತದೆ. "ಅಮ್ಮಂಗೆ ಆಮೆ."

ಭಾನುಪ್ರಿಯ ಸೋತು ಚಪ್ಪಲಿ ಬಿಚ್ಚುತ್ತಾಳೆ. ದೀಪು ಅವನ್ನು ತಾನೇ ಎತ್ತಿ, ತುದಿಗಾಲಲ್ಲಿ ನಿಂತು, ಆಮೆಯ ಗೂಡಿನ ಒಳಮೂಲೆಗೆ ತಳ್ಳುತ್ತಾಳೆ. ಬಿಲ್ಲೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಹಫೀಜಾರಿಗೆ ಅಪ್ಪಣೆ ಕೊಡುತ್ತಾಳೆ: "ಅಮ್ಮ ಕೇಳುದ್ರೂ ಕೊಡ್ಬ್ಯಾಡ."

"ಬಿಲ್ಲೆ ತಂದೋರಿಗೆ ಕೊಡೋದು ಬೇಟಾ. ಬಿಲ್ಲೆ ಯಾರ್ ತಾವೈತೆ?"

"ನನ್ ತಾವ."

"ಮತ್ತಿನ್ನೇನು?"

ತನ್ನ ಕಾಲಲ್ಲಿ ಇನ್ನೂ ಜೋಡು ಇದೆ ಎಂಬುದನ್ನೇ ಮರೆತು ದೀಪು ಕೊಳದತ್ತ ನಡೆಯುತ್ತಾಳೆ.

ಹಫೀಜಾ ಬೆರಗಾಗಿ ನೋಡುತ್ತಾರೆ. ತಮ್ಮ ಚಪ್ಪಲಿ ಬಿಚ್ಚುವುದಿಲ್ಲ ಎಂದು ಹಟ ಮಾಡಿದ ಮಕ್ಕಳನ್ನು ಅವರು ಲೆಕ್ಕವಿಲ್ಲದಷ್ಟು ಕಂಡಿದ್ದಾರೆ. ಅಮ್ಮನ ಚಪ್ಪಲಿಗೆ ಬೀಗ ಹಾಕಿಸಿದ ಮಗು ಇದೇ ಮೊದಲು.

ಕಾರಣ ತಿಳಿಯಲು ಬಹಳ ಹೊತ್ತು ಬೇಕಾಗುವುದಿಲ್ಲ. ಕಟ್ಟೆಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಾ ಮುನಿಯಮ್ಮನೇ ಹೇಳುತ್ತಾರೆ. ಮಗ ಸೊಸೆ ಇಬ್ಬರೂ ಬಿಡದಿಯಲ್ಲಿ ಕಾರ್ಖಾನೆ ಕೆಲಸದವರು. ಈ ತಿಂಗಳಿಂದ ಇಬ್ಬರಿಗೂ ಒಂದೇ ಪಾಳಿ ಬಿದ್ದಿದೆ. ಮಗು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯವರು ಊರು ಬಿಟ್ಟಿದ್ದಾರೆ. ಅದಕ್ಕೇ, ಶಾಲೆ ತೆಗೆಯುವವರೆಗೆ ದೀಪು ಅಜ್ಜಿಯ ಜೊತೆ ತಿಪ್ಪಸಂದ್ರದಲ್ಲಿ ಇರಬೇಕು. ಇವತ್ತು ಸಂಜೆಯೇ ಹೊರಡುವುದು. ರಾಮನಗರದಿಂದ ಮಾಗಡಿ ಬಸ್ಸು, ಅಲ್ಲಿಂದ ಊರು.

"ಮಗೂಗೆ ಹೇಳಿದ್ದೀರಾ?"

"ಹೇಳುದ್ರೆ ಬುಟ್ಟದಾ? ಅದುಕ್ಕೇ ಇಲ್ಲೀಗ್ ಕರ್ಕಂಬಂದಿರೋದು. ಒಸಿ ಆಟ ಆಡ್ಕಳ್ಳಿ. ಆಟದ್ ಗ್ಯಾನ್ದಲ್ಲಿ ಇದ್ದಂಗೇ ಇವರಿಬ್ರೂ ಕಣ್ ತಪ್ಪಿಸ್ಬುಡ್ತರೆ. ಅತ್ಕಂಡು ಅತ್ಕಂಡು ಬಸ್ಸಲ್ಲಿ ನಿದ್ದೆ ಹೋಯ್ತದೆ. ನಮ್ ಮಕ್ಳನ್ನೂ ಹಂಗೇ ಅಲ್ವಾ ಬುಟ್ಟು ಓಡಾಡಿದ್ದು?" ಮುನಿಯಮ್ಮ ಎಲೆ ಮಡಿಚಿ ಬಾಯಿಗಿಡುತ್ತಾರೆ. ಕಣ್ಣು ಮಾತ್ರ ಮೊಮ್ಮಗಳ ಮೇಲೇ ಇದೆ. "ಮನೇಲಿ ಹಸ ಕರ ಹಾಕೈತೆ. ಅದುಕ್ಕೆ ಇನ್ನೂ ಹೆಸ್ರು ಇಟ್ಟಿಲ್ಲ, ನೀನೇ ಇಡೀವಂತೆ ಅಂತ ಹೇಳ್ಬೇಕು. ನಂಗೂ ಮಗು ಜೊತೇಲಿರ್ಲಿ ಅಂತ ಆಸೆ ಕಣಕ್ಕ."

ದೀಪು ಆನೆಯ ಕಡೆ ನೋಡುತ್ತಿಲ್ಲ. ನೀರಿನ ಅಂಚಿನಲ್ಲಿ ನಿಂತು ಆಮೆಯ ಗೂಡನ್ನೇ ನೋಡುತ್ತಿದ್ದಾಳೆ. ಯಾರೂ ಹೇಳದಿದ್ದರೂ ಅವಳಿಗೆ ಹೇಗೋ ಸುಳಿವು ಸಿಕ್ಕಿದೆ. ಗೂಡಿನಲ್ಲಿ ಚಪ್ಪಲಿ ಇರುವವರೆಗೆ ಅಮ್ಮ ಎಲ್ಲಿಗೂ ಹೋಗಲಾರಳು. ಬರಿಗಾಲಲ್ಲಿ ಯಾರಾದರೂ ಬಸ್ಸು ಹತ್ತುತ್ತಾರೆಯೇ?

ಹಫೀಜಾ ಅರ್ಥವಾದವರಂತೆ ಒಮ್ಮೆ ತಲೆಯಾಡಿಸಿ, ಬಿಟ್ಟ ಶೂವನ್ನು ಮತ್ತೆ ಕೈಗೆ ತೆಗೆದುಕೊಳ್ಳುತ್ತಾರೆ.

ಅವರು ಹುಟ್ಟಿ ಬೆಳೆದಿದ್ದು ರಾಮನಗರದ ರೇಷ್ಮೆ ಬಿಚ್ಚುವ ಮನೆಗಳ ನಡುವೆ. ಮದುವೆಯಾಗಿ ಹೋದದ್ದೂ ಅಂಥದ್ದೇ ಮನೆಗೆ. ಗಂಡ ಪೀರ್ ಸಾಬ್ ರಾಟೆ ತಿರುಗಿಸಿದರೆ ಇವರು ಕುದಿವ ನೀರಿನಲ್ಲಿ ಕೈಯಿಟ್ಟು ರೇಷ್ಮೆ ಗೂಡಿನ ಎಳೆ ಹುಡುಕುತ್ತಿದ್ದರು. ಬೆಂದು ಬೆಂದು ಬೆರಳಿನ ಗೆರೆಗಳೇ ಸವೆದುಹೋಗಿವೆ. ಪಾರ್ಕಿನ ಹಾಜರಿ ಯಂತ್ರ ಅವರ ಹೆಬ್ಬೆರಳನ್ನು ಇವತ್ತಿಗೂ ಗುರುತಿಸುವುದಿಲ್ಲ. ದಿನವೂ ಒತ್ತುತ್ತಾರೆ. ದಿನವೂ ಅದು ಕೆಂಪಗೆ ಮಿನುಗಿ ಇವರನ್ನು ನಿರಾಕರಿಸುತ್ತದೆ. "ಅದ್ಕೂ ಹಟ," ಎನ್ನುತ್ತಾರೆ ಹಫೀಜಾ. ಆಮೇಲೆ ಮೇಲ್ವಿಚಾರಕಿ ಲತಾಮಣಿ ಕೈಯಲ್ಲಿ ಹಾಜರಿ ಬರೆದುಕೊಳ್ಳುತ್ತಾಳೆ.

ದೊಡ್ಡ ಯಂತ್ರಗಳು ಬಂದ ಮೇಲೆ ಚಿಕ್ಕ ರಾಟೆಗಳು ಒಂದೊಂದಾಗಿ ನಿಂತವು. ಒಲೆಯ ಹೊಗೆ ಕುಡಿದು ಪೀರ್ ಸಾಬರ ಎದೆ ಕಟ್ಟಿತು. ಹಫೀಜಾ ಹೆದ್ದಾರಿಯ ಬಸ್ಸು ಹತ್ತಿ ಇಲ್ಲಿಗೆ ಕೆಲಸಕ್ಕೆ ಬಂದರು. ಮೊದಲು ಕಸ ಗುಡಿಸಿದರು, ಆಮೇಲೆ ಈ ಚಪ್ಪಲಿ ಗೂಡು ಸಿಕ್ಕಿತು. ಪೀರ್ ಸಾಬ್ ಇವತ್ತಿಗೂ ತಮಾಷೆ ಮಾಡುತ್ತಾರಂತೆ: "ಆಗ್ಲೂ ಗೂಡು, ಈಗ್ಲೂ ಗೂಡು. ನಿನ್ ಹಣೇಲಿ ಬೇರೆ ಬರ್ದೇ ಇಲ್ಲ." ಗೂಡಿನಿಂದ ಎಳೆ ಬಿಡಿಸಿದ ತಾಳ್ಮೆಯೇ ಮಕ್ಕಳ ಅಳು ಬಿಡಿಸಲು ಬಂತಲ್ಲವೇ ಎಂದು ಯಾರಾದರೂ ಹೊಗಳಿದರೆ ಹಫೀಜಾ ಒಪ್ಪುವುದಿಲ್ಲ. "ಗೂಡೊಳಗಿನ ಹುಳ ಸತ್ತಿರ್ತದೆ. ಎಳುದ್ರೂ ಕೇಳಲ್ಲ, ಬಿಟ್ರೂ ಕೇಳಲ್ಲ. ಮಗು ಹಂಗಾ? ಜೀವ ಇರೋದು. ಕಚ್ತದೆ," ಎಂದು ಮಣಿಕಟ್ಟಿನ ಮೇಲೆ ಸಾಲಾಗಿ ಮೂಡಿರುವ ಪುಟ್ಟ ಹಲ್ಲುಗಳ ಗುರುತು ತೋರಿಸುತ್ತಾರೆ. ಹೋದ ಭಾನುವಾರದ್ದು.

ಬಿಸಿಲು ಏರಿದಂತೆ ನೀರು ಬಾಯಿ ಬಿಡುತ್ತದೆ. ಆನೆಯ ಸೊಂಡಿಲು ಚಿಮ್ಮುತ್ತದೆ, ಎಲ್ಲಿಂದಲೋ ಹಾಡು ಏಳುತ್ತದೆ, ಗಾಳಿಯಲ್ಲಿ ತೇಲುವ ತುಂತುರಿನಲ್ಲಿ ಕಾಮನಬಿಲ್ಲಿನ ಚೂರುಗಳು ಹುಟ್ಟಿ ಅಲ್ಲೇ ಕರಗುತ್ತವೆ. ಬೇಸಿಗೆ ರಜೆ. ಕನಕಪುರದಿಂದ ಟೆಂಪೊ ಮಾಡಿಕೊಂಡು ಬಂದವರು, ಮೈಸೂರಿಗೆ ಹೋಗುವ ದಾರಿಯಲ್ಲಿ ಇಳಿದವರು, ಅಜ್ಜಿ ತಾತಂದಿರನ್ನು ನೆರಳಿಗೆ ಕೂರಿಸಿ ಬಂದವರು. ರಜೆಯ ದಿನಗಳಲ್ಲಿ ಈ ಗೂಡುಗಳಲ್ಲಿ ಒಂದೂ ಖಾಲಿ ಇರುವುದಿಲ್ಲ. ಅಷ್ಟೂ ಮನೆಗಳ ಸಂತೋಷ ಕೊಳದಲ್ಲಿರುತ್ತದೆ. ಅವರ ಸಿಟ್ಟು, ಸುಸ್ತು, ಹಸಿವು ಮಾತ್ರ ಚಪ್ಪಲಿ ಹಾಕುವ ಹೊತ್ತಿಗೆ ಸರಿಯಾಗಿ ಹಫೀಜಾರ ಕೌಂಟರಿನ ಮುಂದೆ ಬಂದು ನಿಲ್ಲುತ್ತವೆ.

ಒಬ್ಬ ಪೋರ ಜಾರುಬಂಡೆಯ ಹತ್ತಿರದ ಅಳತೆಗೋಲಿಗೆ ಎರಡು ಬೆರಳು ಕಡಿಮೆ ಬಿದ್ದು ವಾಪಸ್ಸು ಬಂದಿದ್ದಾನೆ. "ಕುಳ್ಳ ಅಂದ್ರು ನಂಗೆ!" ಎಂದು ನೆಲಕ್ಕೆ ಒದೆಯುತ್ತಾನೆ. ಅವನಪ್ಪ, "ನಾಳೆ ನಿನ್ನ ತಲೆ ಮೇಲೆ ಟೊಮೇಟೊ ಇಟ್ಟು ಕರ್ಕಂಡ್ ಹೋಗ್ತೀನಿ ಸುಮ್ನಿರ್ಲಾ," ಎಂದು ನಗಿಸಲು ಹೋಗಿ ಅಳುವನ್ನು ಇಮ್ಮಡಿ ಮಾಡುತ್ತಾನೆ. ಹಫೀಜಾ ತಾವು ನಿಂತಿದ್ದ ಮಣೆಯಿಂದ ಕೆಳಗಿಳಿಯುತ್ತಾರೆ. ಇಳಿದರೆ ಹಲಗೆಯ ಮೇಲೆ ಅವರ ಮೂಗು ಮಾತ್ರ ಕಾಣುತ್ತದೆ. "ನಂಗೂ ಮೇಲಿನ್ ಗೂಡು ಎಟುಕಲ್ಲ. ನಿನ್ ಚಪ್ಪಲಿ ಅಲ್ಲೈತೆ. ಈಗೇನ್ ಮಾಡಾನ?" ಪೋರ ಬಿಕ್ಕುತ್ತಲೇ ಕೌಂಟರಿನೊಳಗೆ ನುಗ್ಗಿ, ಮಣೆಯನ್ನು ಎಳೆದು ಅವರ ಕಾಲ ಬಳಿ ಇಡುತ್ತಾನೆ.

ಇನ್ನೊಬ್ಬಳು ಮನೆಗೆ ಬರುವುದಿಲ್ಲ ಎನ್ನುತ್ತಾ ಕೂತಿದ್ದಾಳೆ. ತಾಯಿ ಅವಳ ಕಾಲಿಗೆ ಚಪ್ಪಲಿ ತುರುಕುತ್ತಾಳೆ, ಕಾಲು ಹೊರಗೇ ಬರುತ್ತದೆ. ಮಗು ಕಾಲ್ಬೆರಳುಗಳನ್ನು ಮುದುರಿಕೊಂಡುಬಿಟ್ಟಿದೆ. ಹಾಗೆ ಮುದುರಿದ ಕಾಲಿಗೆ ಲೋಕದ ಯಾವ ಚಪ್ಪಲಿಯೂ ಹಿಡಿಸದು ಎಂಬುದನ್ನು ಹೆತ್ತವರೆಲ್ಲ ಬಲ್ಲರು, ಆದರೂ ತುರುಕುವುದನ್ನು ಬಿಡರು. "ಬೆರಳು ಬಿಡೋವರ್ಗೂ ಕೂತ್ಕಳಿ ತಾಯಿ. ಬೆರಳು ಬಿಟ್ರೆ ಸಿಟ್ಟೂ ಬಿಟ್ಟಂಗೆ," ಎಂದು ಹಫೀಜಾ ಒಂದು ಲೋಟ ನೀರು ಮುಂದೆ ಹಿಡಿಯುತ್ತಾರೆ. ಮಗುವಿಗಲ್ಲ, ತಾಯಿಗೆ. ಕೌಂಟರಿನ ಕೆಳಗೆ ಇರುವ ಆ ಮಣ್ಣಿನ ಮಡಕೆ ಪಾರ್ಕಿನದಲ್ಲ, ಅವರೇ ಮನೆಯಿಂದ ತಂದದ್ದು. "ಮಗು ಅಳೋವಾಗ ಬಾಯಿ ಒಣಗೋದು ಅಮ್ಮಂದು. ಅಮ್ಮ ತಣ್ಣಗಾದ್ರೆ ಅರ್ಧ ಕೆಲ್ಸ ಆಯ್ತು."

ಬಿಲ್ಲೆಯನ್ನು ದೊಡ್ಡವರ ಕೈಗೇ ಕೊಡಬೇಕು ಎಂಬುದು ಪಾರ್ಕಿನ ನಿಯಮ. ಹಫೀಜಾ ಮಕ್ಕಳ ಕೈಗೆ ಕೊಡುತ್ತಾರೆ. ಲತಾಮಣಿ ಮೊದಮೊದಲು ಗದರಿದ್ದಳು, ಕಳೆದರೆ ಯಾರು ಹೊಣೆ ಎಂದು. "ದೊಡ್ಡೋರು ಕಳೀತಾರೆ, ಜೇಬಲ್ಲಿಟ್ಟು ಮರ್ತುಬಿಡ್ತಾರೆ. ಮಕ್ಳು ಕಳೆಯಲ್ಲ," ಎಂದು ಇವರ ವಾದ. ಇಡೀ ದಿನ ಎತ್ತಿಕೊಂಡು, ಎಳೆದುಕೊಂಡು, ಸಾಲಿನಲ್ಲಿ ನಿಲ್ಲಿಸಿ, ಬೇಡ ಬೇಡ ಎನ್ನಿಸಿಕೊಂಡು ಬಂದ ಜೀವಕ್ಕೆ, ಮನೆಯವರೆಲ್ಲರ ಕಾಲು ತನ್ನ ಅಂಗೈಯಲ್ಲಿದೆ ಎಂಬ ಒಂದು ಗತ್ತು.

ಎಲ್ಲ ಅಳುವಿಗೂ ಅವರ ಬಳಿ ಮದ್ದಿದೆಯೇ? "ಎಲ್ಲಿ ಬಂತು? ಎಷ್ಟೋ ಮಕ್ಳು ಅತ್ಕಂಡೇ ಗೇಟ್ ದಾಟ್ತವೆ. ನಾನ್ ನೋಡ್ತಾ ನಿಂತಿರ್ತೀನಿ." ಹಲಗೆಯ ಮೇಲಿನ ಬಿಲ್ಲೆಗಳನ್ನು ಡಬ್ಬಿಗೆ ತುಂಬುತ್ತಾ ಮತ್ತೆ ಹೇಳುತ್ತಾರೆ: "ನನ್ ಮಕ್ಳು ಅಳೋವಾಗ ನನ್ ಕೈ ಬಿಸಿನೀರಲ್ಲಿ ಇರ್ತಿತ್ತು. ತೊಟ್ಲು ಅಲ್ಲೇ ಪಕ್ಕದಲ್ಲಿ. ಕಾಲಲ್ಲಿ ತೂಗ್ತಿದ್ದೆ. ಈಗ ಊರೋರ್ ಮಕ್ಳ ಅಳು ಕೂತ್ಕಂಡ್ ಕೇಳ್ತೀನಿ, ಅದುಕ್ಕೆ ಸಂಬಳ ಬೇರೆ ಕೊಡ್ತಾರೆ." ಪಾರ್ಕಿನವರನ್ನು ಅವರು ಕೇಳಿರುವುದು ಒಂದೇ, ಕೌಂಟರಿನ ಮುಂದೆ ಒಂದು ಚೂರು ನೆರಳು. ಚಪ್ಪಲಿ ಬಿಟ್ಟು ನಿಂತವರ ಕಾಲು ಸುಡುತ್ತದೆ.

ಭಾನುಪ್ರಿಯಳ ಕಾಲು ಸುಡುತ್ತಿದೆ. ಊಟದ ಹೊತ್ತಿನಲ್ಲೂ ದೀಪು ಬಿಲ್ಲೆ ಬಿಟ್ಟಿಲ್ಲ. ಎಡಗೈಯಲ್ಲೇ ಚಿತ್ರಾನ್ನ ತಿಂದಿದ್ದಾಳೆ. ಅಮ್ಮ ಕೈ ತೊಳೆಯಲು ಹೋದರೆ ಓಡಿ ಬಂದು ಗೂಡು ನೋಡಿದ್ದಾಳೆ. ಅಪ್ಪ, "ಬಾರೇ, ದೋಣಿ ಹತ್ಸ್ತೀನಿ," ಎಂದಾಗ ನೆಲಕ್ಕೆ ಬಿದ್ದು ಅತ್ತಿದ್ದಾಳೆ. "ಇಷ್ಟ್ ದುಡ್ ಕೊಟ್ಟು ಅಳೋಕ್ ಬಂದಂಗಾಯ್ತಲ್ಲ," ಎಂದು ಅವನು ತಲೆ ಚಚ್ಚಿಕೊಂಡಿದ್ದಾನೆ. ಭಾನುಪ್ರಿಯ, ಹಫೀಜಾ ಕೊಟ್ಟ ನೀರು ಕುಡಿದು ಲೋಟವನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದಾಳೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಕೊಳಕ್ಕೆ ಒಂದು ಮಂಪರು ಕವಿಯುತ್ತದೆ. ನೀರಿನ ಮೇಲೆ ಬಿಸಿಲು ಹೊರಳಾಡುತ್ತದೆ, ಹಾಡು ದೂರದ ಮನೆಯೊಂದರಿಂದ ಬಂದಂತೆ ಕೇಳುತ್ತದೆ. ಒದ್ದೆ ಪಾದಗಳು ಸಿಮೆಂಟಿನ ಮೇಲೆ ಮೂಡುತ್ತವೆ, ನೋಡುನೋಡುತ್ತಲೇ ಆರಿ ಇಲ್ಲವಾಗುತ್ತವೆ. ಆ ಮಂಪರಿನಲ್ಲೇ ದೀಪು ಮೆಲ್ಲಗೆ ನೀರಿಗಿಳಿದಿದ್ದಾಳೆ. ಜೋಡು ದಡದಲ್ಲಿದೆ. ಆನೆಯ ಸೊಂಡಿಲ ಕೆಳಗೆ ಕಣ್ಣು ಮುಚ್ಚಿ, ತಲೆಯ ಮೇಲೆ ಬೀಳುವ ನೀರಿಗೆ ಬಾಯಿ ತೆರೆದು ನಿಂತಿದ್ದಾಳೆ. ಇಡೀ ದಿನದಲ್ಲಿ ಮೊದಲ ಸಲ ಅವಳ ಮುಖದಲ್ಲಿ ಏನೂ ಇಲ್ಲ, ನೀರೊಂದು ಬಿಟ್ಟು. ಬಲ ಮುಷ್ಟಿ ಮಾತ್ರ ಮುಚ್ಚಿದೆ.

ಅನಂತರಾಜು ಕೌಂಟರಿಗೆ ಬರುತ್ತಾನೆ. ದನಿ ತಗ್ಗಿಸಿ, "ಅಮ್ಮಾ, ಆಮೆ ಗೂಡಿಂದು ಕೊಟ್ಬುಡಿ ಒಸಿ," ಎನ್ನುತ್ತಾನೆ.

"ಬಿಲ್ಲೆ?"

"ಮಗಳ್ ತಾವೈತೆ. ನೀವೇ ನೋಡಿದ್ರಲ್ಲ. ಈಗ ಆಡ್ತಾವ್ಳೆ, ಈಗ್ಲೇ ಹೊಂಟ್ರೆ ಸರಿ."

ಗೂಡು ಹಫೀಜಾರ ಮೊಣಕೈಯ ಹತ್ತಿರವೇ ಇದೆ. ಚಪ್ಪಲಿ ಯಾರದ್ದೆಂದು ಅವರಿಗೆ ಗೊತ್ತು. ಕೈ ಚಾಚಿದರೆ ಮುಗಿಯಿತು, ಈ ಮನೆಯವರ ದಿನ ಸಲೀಸಾಗುತ್ತದೆ, ಬಸ್ಸೂ ಸಿಗುತ್ತದೆ. ಊರಿನವರ ಮನೆ ವಿಷಯಕ್ಕೆ ತಲೆ ಹಾಕಲು ತಾವ್ಯಾರು? ಅವರು ಕೈ ಚಾಚುವುದಿಲ್ಲ. ಉಪದೇಶವನ್ನೂ ಹೇಳುವುದಿಲ್ಲ.

"ಬಿಲ್ಲೆ ಇಲ್ದೆ ನಾನ್ ಕೊಡಂಗಿಲ್ಲ ಕಣಪ್ಪ. ಮೇಡಮ್ಮನ್ ಕೇಳು."

ಲತಾಮಣಿ ಬರುತ್ತಾಳೆ. ಅವಳಿಗೆ ಇದೆಲ್ಲ ಗೊತ್ತಿಲ್ಲ, ಬೇರೆ ನೂರು ಕೆಲಸವಿದೆ. "ಬಿಲ್ಲೆ ಕಳೆದಿದ್ರೆ ಕೊಟ್ಬಿಡಿ ಹಫೀಜಮ್ಮ, ಪರವಾಗಿಲ್ಲ." ಭಾನುಪ್ರಿಯಳತ್ತ ತಿರುಗಿ, "ಕಳೆದುಹೋಗಿದ್ಯಾ ಮೇಡಂ?" ಎಂದು ಕೇಳುತ್ತಾಳೆ.

ಒಂದು 'ಹೂಂ' ಸಾಕು. ಅನಂತರಾಜು ಹೆಂಡತಿಯ ಮುಖ ನೋಡುತ್ತಾನೆ. ಮುನಿಯಮ್ಮ ಕಟ್ಟೆಯಿಂದ ಎದ್ದು, "ಹೂಂ ಅನ್ನವ್ವ. ಹೊತ್ತಾಯ್ತು, ಬಸ್ ಹೊಂಟೋಯ್ತದೆ," ಎಂದು ಮೆಲ್ಲಗೆ ಹೇಳುತ್ತಾರೆ. ಭಾನುಪ್ರಿಯ ಬಿಸಿ ಸಿಮೆಂಟಿನ ಮೇಲೆ ಒಂದು ಕಾಲಿನ ಮೇಲೊಂದು ಕಾಲಿಟ್ಟು ನಿಂತಿದ್ದಾಳೆ. ನೀರಿನಲ್ಲಿ ಬಾಯಿ ತೆರೆದು ನಿಂತ ಮಗಳನ್ನು ನೋಡುತ್ತಿದ್ದಾಳೆ.

"ಕಳೆದಿಲ್ಲ," ಎನ್ನುತ್ತಾಳೆ. "ಐತೆ. ನನ್ ಮಗಳ್ ಕೈಲೈತೆ."

ಚೂಡಿದಾರದ ಕಾಲನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ವೇಲನ್ನು ಅತ್ತೆಯ ಕೈಗಿತ್ತು ನೀರಿಗಿಳಿಯುತ್ತಾಳೆ. ಹಫೀಜಾ ಅವಳನ್ನು ತಡೆಯುವುದಿಲ್ಲ, ಲತಾಮಣಿಯೂ ತಡೆಯುವುದಿಲ್ಲ. ಮಕ್ಕಳು ದಾರಿ ಬಿಡುತ್ತವೆ.

ಆನೆಯ ನೀರು ಆಗಾಗ ನಿಲ್ಲುತ್ತದೆ, ಕೆಳಗಿನ ತೊಟ್ಟಿ ತುಂಬುವವರೆಗೆ. ಈಗಲೂ ನಿಲ್ಲುತ್ತದೆ. ಗದ್ದಲದ ನಡುವೆ ಒಂದು ತುಂಡು ನಿಶ್ಶಬ್ದ ತೇಲಿ ಬಂದು ಕೊಳದ ಮೇಲೆ ನಿಲ್ಲುತ್ತದೆ. ದೀಪು ಕಣ್ಣು ಬಿಡುತ್ತಾಳೆ. ಎದುರಿಗೆ ಅಮ್ಮ, ನೀರಿನಲ್ಲಿ ಕುಕ್ಕರಗಾಲಲ್ಲಿ ಕುಳಿತು, ತನ್ನಷ್ಟೇ ಎತ್ತರಕ್ಕೆ ಬಂದಿದ್ದಾಳೆ. ದೀಪು ಮುಷ್ಟಿಯನ್ನು ಬೆನ್ನ ಹಿಂದೆ ಮರೆಮಾಡುತ್ತಾಳೆ. ಭಾನುಪ್ರಿಯ ಕೈ ಚಾಚುವುದಿಲ್ಲ. ಬಿಲ್ಲೆ ಕೊಡು ಎನ್ನುವುದಿಲ್ಲ.

"ದೀಪು," ಎನ್ನುತ್ತಾಳೆ, ಅಷ್ಟೇ. 

ದೀಪುವಿನ ತುಟಿ ನಡುಗುತ್ತದೆ. ಬೆಳಗಿನಿಂದ ಹತ್ತಾರು ಸಲ ಕಂಡ ಅಳುವಿನ ಮೊದಲ ಗುರುತು ಅದು. ದಡದಲ್ಲಿ ಅನಂತರಾಜು ಕಣ್ಣು ಮುಚ್ಚಿಕೊಳ್ಳುತ್ತಾನೆ. ಕೌಂಟರಿನ ಹಿಂದೆ ಹಫೀಜಾ ಹಲಗೆಯ ಅಂಚನ್ನು ಹಿಡಿದು ನಿಂತಿದ್ದಾರೆ. ಆದರೆ ಈ ಸಲ ಅಳು ಬರುವುದಿಲ್ಲ. ಹುಡುಗಿ ಅಮ್ಮನ ಒದ್ದೆ ಮುಖವನ್ನು ಹಣೆಯಿಂದ ಗಲ್ಲದವರೆಗೆ ನೋಡುತ್ತಾಳೆ, ಒಂದು ಗುಟುಕು ಗಾಳಿ ನುಂಗುತ್ತಾಳೆ. ಆಮೇಲೆ, ಇಡೀ ಕೊಳಕ್ಕೆ ಕೇಳುವಷ್ಟು ಸ್ಪಷ್ಟವಾಗಿ ಕೇಳುತ್ತಾಳೆ:

"ಅಮ್ಮಾ, ನೀನು ಹೋಯ್ತೀಯಾ, ಇಲ್ಲಾ ಹೋಗಿ ಬತ್ತೀಯಾ?"